ಆಶಾ, ಸಿಸ್ಟರ್, ಸಿಎಚ್‌ಒಗಳಿಗೆ ಗರ್ಭಕಂಠದ ಕ್ಯಾನ್ಸರ್ ತರಬೇತಿ: ಪಿಎಚ್‌ಸಿಯಲ್ಲಿ ನಡೆಸೋದು ಹೇಗೆ?

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ಗ್ಲೋಬೊಕ್ಯಾನ್ ಅಂದಾಜಿನ ಪ್ರಕಾರ 2022ರಲ್ಲಿ ಭಾರತದಲ್ಲಿ ಸುಮಾರು 1.27 ಲಕ್ಷ ಹೆಂಗಸರಿಗೆ ಹೊಸದಾಗಿ ಗರ್ಭಕಂಠದ, ಅಂದರೆ ಗರ್ಭಕೋಶದ ಬಾಯಿಯ, ಕ್ಯಾನ್ಸರ್ ಬಂತು. ಸುಮಾರು 80 ಸಾವಿರ ಮಂದಿ ಅದರಿಂದ ತೀರಿಕೊಂಡರು. ಇನ್ನೊಂದು ಕಡೆ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. 30ರಿಂದ 49 ವರ್ಷದ ಹೆಂಗಸರಲ್ಲಿ ಒಮ್ಮೆಯಾದರೂ ಇದರ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ. ಲಸಿಕೆ ಇದೆ, ತಪಾಸಣೆ ಇದೆ, ಬೇಗ ಸಿಕ್ಕರೆ ಪೂರ್ತಿ ವಾಸಿ ಮಾಡುವ ಚಿಕಿತ್ಸೆಯೂ ಇದೆ. ಆದರೂ ಹೀಗೆ.

ತರಬೇತಿ ಕೊಟ್ಟರೆ ಸರಿಹೋಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಪಿಪಿಟಿ ಹಾಕಿ, ಊಟ ಹಾಕಿಸಿ, ಹಾಜರಾತಿಗೆ ಸಹಿ ತಗೊಂಡು ಕಳಿಸುವ ತರಬೇತಿಯಿಂದ ಏನೂ ಆಗೋದಿಲ್ಲ ಅನ್ನೋದು ನನ್ನ ಅಭಿಪ್ರಾಯ. ಈ ಕ್ಯಾನ್ಸರ್ ತರುವ ವೈರಸ್ ಎಚ್‌ಪಿವಿ ಅಂದರೇನು ಅಂತ ಆಶಾ ಅಕ್ಕನಿಗೆ ಗೊತ್ತಿರುತ್ತದೆ. ಆದರೆ ಮನೆ ಬಾಗಿಲಲ್ಲಿ ಒಬ್ಬ ಅತ್ತೆ ಎದುರು ಪ್ರಶ್ನೆ ಹಾಕಿದಾಗ ಉತ್ತರ ಬಾಯಿಗೆ ಬರೋದಿಲ್ಲ. ಅದಕ್ಕಿಂತ ದೊಡ್ಡ ತೊಡಕು, ತಾನೇ ತಪಾಸಣೆ ಮಾಡಿಸಿಕೊಂಡಿರೋದಿಲ್ಲ. ಈ ಎರಡನ್ನು ಸರಿಮಾಡುವ ತರಬೇತಿ ಹೇಗಿರಬೇಕು ಅನ್ನೋದನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ. ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ವೈದ್ಯಾಧಿಕಾರಿಗಳು, ಹಿರಿಯ ಸಿಸ್ಟರ್‌ಗಳು, ಆಶಾ ಸುಗಮಕಾರರು ಇದನ್ನು ಬಳಸಬಹುದು.

ಹಂತ 1: ತಯಾರಿ

ಒಂದು ದಿನ ಸಾಕು, ಆದರೆ ಪೂರ್ತಿ ದಿನ ಬೇಕು. ಲಸಿಕೆ ದಿನವಾದ ಗುರುವಾರ ಬಿಟ್ಟು ಬೇರೆ ದಿನ ಇಟ್ಟುಕೊಳ್ಳಿ. 20–25 ಜನಕ್ಕಿಂತ ಜಾಸ್ತಿ ಸೇರಿಸಬೇಡಿ. ಆಶಾ, ಎಎನ್‌ಎಂ (ಕಿರಿಯ ಆರೋಗ್ಯ ಸಹಾಯಕಿ), ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ), ಸ್ಟಾಫ್ ನರ್ಸ್, ಲ್ಯಾಬ್ ಟೆಕ್ನಿಷಿಯನ್, ಫಾರ್ಮಸಿಸ್ಟ್ ಎಲ್ಲರನ್ನೂ ಕರೆಯಿರಿ. ಗ್ರೂಪ್ ಡಿ ಅಮ್ಮನನ್ನೂ ಕರೆಯಿರಿ. ಆಸ್ಪತ್ರೆಗೆ ಬಂದ ಹೆಂಗಸರು ಮೊದಲು ಕೇಳೋದು ಅವರನ್ನೇ ಅಲ್ವಾ?

ಮುಂಚಿತವಾಗಿ ಜಿಲ್ಲಾ ಆರ್‌ಸಿಎಚ್ (ತಾಯಿ-ಮಕ್ಕಳ ಆರೋಗ್ಯ) ಅಧಿಕಾರಿ ಕಚೇರಿಯಿಂದ ಎಚ್‌ಪಿವಿ ಲಸಿಕೆಯ ಇತ್ತೀಚಿನ ಸುತ್ತೋಲೆ ತರಿಸಿಟ್ಟುಕೊಳ್ಳಿ. ಯಾವ ವಯಸ್ಸು, ಎಷ್ಟು ಡೋಸ್, ಉಚಿತವೋ ಅಲ್ಲವೋ ಅನ್ನೋದು ಆದೇಶದಿಂದ ಆದೇಶಕ್ಕೆ ಬದಲಾಗುತ್ತದೆ. ಹಳೇ ಸ್ಲೈಡ್ ನಂಬಿ ಹೇಳಿದರೆ ಊರಲ್ಲಿ ಆಶಾ ಸುಳ್ಳುಗಾತಿ ಆಗುತ್ತಾಳೆ. ಜಿಲ್ಲಾ ಎನ್‌ಸಿಡಿ (ಅಸಾಂಕ್ರಾಮಿಕ ರೋಗ) ಘಟಕಕ್ಕೂ ಫೋನ್ ಮಾಡಿ. ತಪಾಸಣೆಯಲ್ಲಿ ಪಾಸಿಟಿವ್ ಬಂದವರನ್ನು ಯಾವ ಆಸ್ಪತ್ರೆಗೆ, ವಾರದ ಯಾವ ದಿನ, ಯಾರ ಹತ್ತಿರ ಕಳಿಸಬೇಕು ಅಂತ ಬರೆದುಕೊಳ್ಳಿ. ಈ ವಿವರ ಕೈಯಲ್ಲಿ ಇಲ್ಲದೆ ತಪಾಸಣೆ ಶುರುಮಾಡಲೇಬೇಡಿ.

ಹಂತ 2: ಮೊದಲು ಪ್ರಶ್ನೆ, ಆಮೇಲೆ ಪಾಠ

ಬಂದ ತಕ್ಷಣ ಒಂದು ಹಾಳೆ ಕೊಡಿ. ಹೆಸರು ಬರೆಯಬೇಡಿ ಅನ್ನಿ. ಪ್ರತಿ ಮಾತಿನ ಮುಂದೆ ಸರಿ, ತಪ್ಪು, ಗೊತ್ತಿಲ್ಲ ಅಂತ ಮೂರು ಚೌಕ ಇರಲಿ.

1. ಎಚ್‌ಪಿವಿ ತಗುಲಿದವರಿಗೆಲ್ಲ ಕ್ಯಾನ್ಸರ್ ಬರುತ್ತದೆ.
2. ಲಸಿಕೆ ಹಾಕಿಸಿಕೊಂಡವರಿಗೆ ಮುಂದೆ ತಪಾಸಣೆ ಬೇಡ.
3. ಬಿಳಿ ಸೆರಗು ಹೋಗುವವರಿಗೆ ಮಾತ್ರ ತಪಾಸಣೆ ಬೇಕು.
4. ವಿಐಎ (ಗರ್ಭಕಂಠಕ್ಕೆ ಅಸಿಟಿಕ್ ಆಮ್ಲ ಹಚ್ಚಿ ಕಣ್ಣಿಂದ ನೋಡುವ ತಪಾಸಣೆ) ಪಾಸಿಟಿವ್ ಅಂದರೆ ಕ್ಯಾನ್ಸರ್ ಇದೆ ಅಂತ ಅರ್ಥ.
5. ಮುಟ್ಟಾಗಿರುವ ಹುಡುಗಿಗೆ ಲಸಿಕೆ ಹಾಕಬಾರದು.
6. ಕಾಂಡೋಮ್ ಬಳಸಿದರೆ ಎಚ್‌ಪಿವಿ ಬರುವುದೇ ಇಲ್ಲ.
7. ಮಕ್ಕಳಾಗದ ಆಪರೇಷನ್ ಆದವರಿಗೆ ತಪಾಸಣೆ ಬೇಡ.
8. ಲಸಿಕೆ ಹೆಪ್ಪುಗಟ್ಟಿದ್ದರೆ ಕರಗಿಸಿ ಹಾಕಬಹುದು.

ಎಂಟೂ ತಪ್ಪು. ಅದನ್ನು ಆಗಲೇ ಹೇಳಬೇಡಿ. ಹಾಳೆಗಳನ್ನು ತಗೊಂಡು, ಟೀ ಬಿಡುವಿನಲ್ಲಿ ಎಣಿಸಿ, ಯಾವ ಪ್ರಶ್ನೆಯಲ್ಲಿ ಜಾಸ್ತಿ ಜನ ಎಡವಿದ್ದಾರೆ ನೋಡಿ. ದಿನದ ಸಮಯವನ್ನು ಅದರ ಮೇಲೆ ಹಂಚಿ. ಏಳನೇ ಪ್ರಶ್ನೆಯಲ್ಲಿ ಗೊಂದಲ ಇದ್ದೇ ಇರುತ್ತದೆ. ಹಳ್ಳಿಯಲ್ಲಿ "ಆಪರೇಷನ್ ಆಗಿದೆ" ಅಂದರೆ ಸಂತಾನಹರಣವೂ ಆಗಿರಬಹುದು, ಗರ್ಭಕೋಶ ತೆಗೆಸಿದ್ದೂ ಆಗಿರಬಹುದು. ಸಂತಾನಹರಣ ಆದವರಿಗೆ ಗರ್ಭಕಂಠ ಹಾಗೇ ಇರುತ್ತದೆ, ತಪಾಸಣೆ ಬೇಕೇ ಬೇಕು. ಗರ್ಭಕೋಶ ತೆಗೆಸಿದವರಲ್ಲಿ ಗರ್ಭಕಂಠವನ್ನೂ ತೆಗೆದಿದ್ದಾರಾ, ಯಾವ ಕಾಯಿಲೆಗೆ ತೆಗೆದರು ಅಂತ ಡಿಸ್ಚಾರ್ಜ್ ಚೀಟಿ ನೋಡಿ ವೈದ್ಯರು ಹೇಳಬೇಕು.

ಹಂತ 3: ಕಾಯಿಲೆ ಹೇಗೆ ಬರುತ್ತದೆ?

ಅರ್ಧ ಗಂಟೆ ಸಾಕು. ಬೋರ್ಡ್ ಮೇಲೆ ಒಂದು ಉದ್ದ ಗೆರೆ ಎಳೆಯಿರಿ. ಎಡಗಡೆ ಎಚ್‌ಪಿವಿ ಸೋಂಕು, ಬಲಗಡೆ ಕ್ಯಾನ್ಸರ್. ನಡುವೆ 15ರಿಂದ 20 ವರ್ಷ.

ಲೈಂಗಿಕ ಸಂಬಂಧ ಇರುವ ಬಹುತೇಕ ಎಲ್ಲರಿಗೂ, ಗಂಡಸರಿಗೂ ಹೆಂಗಸರಿಗೂ, ಬದುಕಿನಲ್ಲಿ ಒಮ್ಮೆಯಾದರೂ ಈ ವೈರಸ್ ತಗುಲುತ್ತದೆ. ಹತ್ತರಲ್ಲಿ ಒಂಬತ್ತು ಸಲ ಒಂದೆರಡು ವರ್ಷದಲ್ಲಿ ದೇಹವೇ ಅದನ್ನು ಹೊರಹಾಕುತ್ತದೆ. ಯಾವ ಲಕ್ಷಣವೂ ಇರೋದಿಲ್ಲ. ಕೆಲವರಲ್ಲಿ ಮಾತ್ರ ಅದು ಉಳಿದುಬಿಡುತ್ತದೆ. ಹಾಗೆ ಉಳಿದದ್ದು ಗರ್ಭಕಂಠದ ಜೀವಕೋಶಗಳನ್ನು ನಿಧಾನವಾಗಿ ಕೆಡಿಸುತ್ತದೆ. ಇದು ಕ್ಯಾನ್ಸರ್‌ಗೆ ಮುಂಚಿನ ಹಂತ. ಆಗಲೇ ಹಿಡಿದರೆ ಹತ್ತು ನಿಮಿಷದ ಚಿಕಿತ್ಸೆಯಲ್ಲಿ ಮುಗಿಯುತ್ತದೆ. ಎಚ್‌ಐವಿ ಇರುವ ಹೆಂಗಸರಲ್ಲಿ ಈ ಗೆರೆ ಗಿಡ್ಡ, ಅಪಾಯವೂ ಸುಮಾರು ಆರು ಪಟ್ಟು. ಅವರಿಗೆ ತಪಾಸಣೆ 25ನೇ ವಯಸ್ಸಿಗೇ ಶುರುವಾಗಬೇಕು. ತಂಬಾಕು ಅಪಾಯ ಹೆಚ್ಚಿಸುತ್ತದೆ ಅನ್ನೋದನ್ನೂ ಹೇಳಿ. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವವರು ನಮ್ಮಲ್ಲಿ ಕಡಿಮೆ ಇಲ್ಲ.

ಎಚ್‌ಪಿವಿಯಲ್ಲಿ 200ಕ್ಕೂ ಹೆಚ್ಚು ಬಗೆ ಇವೆ. ಅವುಗಳಲ್ಲಿ 16 ಮತ್ತು 18 ಎಂಬ ಎರಡೇ ಬಗೆಗಳು ನೂರರಲ್ಲಿ ಸುಮಾರು 70 ಗರ್ಭಕಂಠದ ಕ್ಯಾನ್ಸರ್‌ಗಳಿಗೆ ಕಾರಣ. ಲಸಿಕೆಗಳೆಲ್ಲ ಈ ಎರಡನ್ನು ತಡೆಯುತ್ತವೆ. ಉಳಿದ 30ರ ವಿಷಯದಿಂದಲೇ ಎರಡನೇ ಪ್ರಶ್ನೆಗೆ ಉತ್ತರ ಸಿಗುತ್ತದೆ: ಲಸಿಕೆ ಆದವರಿಗೂ 30 ವರ್ಷ ದಾಟಿದ ಮೇಲೆ ತಪಾಸಣೆ ಬೇಕು.

ಇಲ್ಲಿ ಒಂದು ಮಾತು ತಪ್ಪದೆ ಹೇಳಿ. ಎಚ್‌ಪಿವಿ ಅಥವಾ ಕ್ಯಾನ್ಸರ್ ಬಂತು ಅಂದರೆ ಆಕೆಯ ನಡತೆಯಾಗಲಿ ಗಂಡನ ನಡತೆಯಾಗಲಿ ಸರಿ ಇಲ್ಲ ಅಂತ ಅಲ್ಲ. ವೈರಸ್ ಯಾವಾಗ ಬಂತು, ಯಾರಿಂದ ಬಂತು ಅಂತ ಯಾವ ಪರೀಕ್ಷೆಯೂ ಹೇಳೋದಿಲ್ಲ. ಸಿಬ್ಬಂದಿಯ ಮನಸ್ಸಿನಲ್ಲೇ ಈ ಅನುಮಾನ ಇದ್ದರೆ ಅದು ಊರಿಗೆ ಹರಡೋಕೆ ಒಂದು ವಾರ ಸಾಕು.

ಹಂತ 4: ಲಸಿಕೆ

ಇದು ವೈರಸ್‌ನ ಹೊರಕವಚದ ಪ್ರೋಟೀನ್‌ನಿಂದ ಮಾಡಿದ ಲಸಿಕೆ. ಒಳಗೆ ಜೀವಂತ ವೈರಸ್ ಇಲ್ಲ, ಅದರ ಡಿಎನ್‌ಎ ಕೂಡ ಇಲ್ಲ. ಹಾಗಾಗಿ ಲಸಿಕೆಯಿಂದ ಸೋಂಕು ಬರೋದಿಲ್ಲ. ಇರುವ ಸೋಂಕನ್ನು ಇದು ವಾಸಿ ಮಾಡೋದೂ ಇಲ್ಲ. ಆದ್ದರಿಂದಲೇ 9ರಿಂದ 14 ವರ್ಷದೊಳಗೆ, ಲೈಂಗಿಕ ಸಂಪರ್ಕ ಶುರುವಾಗುವ ಮುಂಚೆ ಕೊಡೋದು.

ಡೋಸ್ ವಿಷಯದಲ್ಲಿ ಸಿಬ್ಬಂದಿಗೆ ಗೊಂದಲವಾಗೋದು ಸಹಜ. ಖಾಸಗಿಯಾಗಿ ಕೊಂಡು ಹಾಕಿಸುವಾಗ 9ರಿಂದ 14 ವರ್ಷದವರಿಗೆ ಆರು ತಿಂಗಳ ಅಂತರದಲ್ಲಿ 2 ಡೋಸ್, 15 ದಾಟಿದವರಿಗೆ 0, 2, 6 ತಿಂಗಳಲ್ಲಿ 3 ಡೋಸ್ ಅನ್ನೋದು ರೂಢಿ. ಆದರೆ ವಿಶ್ವ ಆರೋಗ್ಯ ಸಂಸ್ಥೆ ಡಿಸೆಂಬರ್ 2022ರಲ್ಲಿ, 20 ವರ್ಷದವರೆಗಿನ ಹುಡುಗಿಯರಿಗೆ 1 ಅಥವಾ 2 ಡೋಸ್ ಸಾಕು ಅಂದಿತು. ರೋಗನಿರೋಧಕ ಶಕ್ತಿ ಕುಂದಿದವರಿಗೆ ಇದು ಅನ್ವಯಿಸೋದಿಲ್ಲ, ಅವರಿಗೆ ಕನಿಷ್ಠ 2, ಸಾಧ್ಯವಾದರೆ 3 ಬೇಕು. ಒಂದೇ ಡೋಸ್ ಸಾಕು ಅನ್ನೋದಕ್ಕೆ ಮುಖ್ಯ ಪುರಾವೆಗಳಲ್ಲಿ ಒಂದು ಭಾರತದ್ದೇ. ಅದರ ಕಥೆ ಮುಂದಿನ ಹಂತದಲ್ಲಿ ಬರುತ್ತದೆ. ಭಾರತದಲ್ಲೇ ತಯಾರಾದ ಸರ್ವಾವ್ಯಾಕ್ ಲಸಿಕೆಗೆ 2022ರಲ್ಲಿ ಅನುಮತಿ ಸಿಕ್ಕಿತು, 2023ರಲ್ಲಿ ಮಾರುಕಟ್ಟೆಗೆ ಬಂತು. ಅದು 6, 11, 16, 18 ಎಂಬ ನಾಲ್ಕು ಬಗೆಗಳನ್ನು ತಡೆಯುತ್ತದೆ. ಗಾರ್ಡಸಿಲ್ 9 ಒಂಬತ್ತು ಬಗೆಗಳನ್ನು ತಡೆಯುತ್ತದೆ, ಬೆಲೆ ಬಹಳ ಜಾಸ್ತಿ.

ಹಾಕುವ ಕೆಲಸಕ್ಕೆ ಬರೋಣ. ಲಸಿಕೆ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಹೆಪ್ಪುಗಟ್ಟಿದರೆ ಕೆಟ್ಟಂತೆ, ಐಎಲ್‌ಆರ್‌ನ (ಲಸಿಕೆ ಇಡುವ ಫ್ರಿಜ್) ತಳಕ್ಕೆ ತಾಗುವಂತೆ ಇಡಬೇಡಿ. ಲಸಿಕೆ ಒಯ್ಯುವ ಕ್ಯಾರಿಯರ್‌ಗೆ ಹಾಕುವ ಐಸ್‌ಪ್ಯಾಕ್ ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು ಬರುವಷ್ಟು ಕರಗಿರಬೇಕು. ವಯಲ್ ಅಲ್ಲಾಡಿಸಿ, 0.5 ಎಂಎಲ್, ತೋಳಿನ ಮೇಲ್ಭಾಗದ ಸ್ನಾಯುವಿಗೆ ಕೊಡಿ. 10 ಮತ್ತು 16 ವರ್ಷದ ಟಿಡಿ (ಧನುರ್ವಾಯು, ಡಿಫ್ತೀರಿಯಾ) ಲಸಿಕೆ ಅದೇ ದಿನ ಇದ್ದರೆ ಇನ್ನೊಂದು ತೋಳಿಗೆ ಹಾಕಬಹುದು. ಮುಟ್ಟಾಗಿದ್ದರೂ ಅಡ್ಡಿಯಿಲ್ಲ. ಜೋರು ಜ್ವರ ಇದ್ದರೆ ಮುಂದೂಡಿ. ಗರ್ಭಿಣಿಗೆ ಬೇಡ. ಹಿಂದಿನ ಡೋಸ್‌ಗೆ ಅಥವಾ ಯೀಸ್ಟ್‌ಗೆ ತೀವ್ರ ಅಲರ್ಜಿ ಆಗಿದ್ದವರಿಗೂ ಬೇಡ.

ತಲೆ ತಿರುಗಿ ಬೀಳೋದರ ಬಗ್ಗೆ ಸ್ವಲ್ಪ ಹೆಚ್ಚು ಸಮಯ ಕೊಡಿ. ಹದಿಹರೆಯದ ಹುಡುಗಿಯರಲ್ಲಿ ಯಾವುದೇ ಇಂಜೆಕ್ಷನ್ ಆದಮೇಲೆ ಇದು ಆಗುತ್ತದೆ, ಭಯಕ್ಕೆ, ಖಾಲಿ ಹೊಟ್ಟೆಗೆ. ತಿಂಡಿ ತಿಂದಿದ್ದಾಳಾ ಅಂತ ಕೇಳಿ. ಕೂರಿಸಿಯೇ ಹಾಕಿ. ಆಮೇಲೆ ಅರ್ಧ ಗಂಟೆ ಅಲ್ಲೇ ಇರಿಸಿ. ಲಸಿಕೆ ಹಾಕುವ ಜಾಗ ಸಾಲಿನಲ್ಲಿ ನಿಂತವರಿಗೆ ಕಾಣಬಾರದು. 2014ರಲ್ಲಿ ಕೊಲಂಬಿಯಾದ ಕಾರ್ಮೆನ್ ದೆ ಬೊಲಿವರ್ ಪಟ್ಟಣದಲ್ಲಿ ಲಸಿಕೆಯಾದ ನೂರಾರು ಹುಡುಗಿಯರು ಹೀಗೆ ಒಬ್ಬರನ್ನು ನೋಡಿ ಒಬ್ಬರು ಅಸ್ವಸ್ಥರಾದರು. ಲಸಿಕೆಗೂ ಅದಕ್ಕೂ ಸಂಬಂಧ ಕಂಡುಬರಲಿಲ್ಲ. ಆದರೆ ವಿಡಿಯೋ ಹರಡಿ ಇಡೀ ದೇಶದಲ್ಲಿ ಲಸಿಕೆ ಪ್ರಮಾಣ ನೆಲಕಚ್ಚಿತು.

ತಲೆಸುತ್ತಿಗೂ ತೀವ್ರ ಅಲರ್ಜಿಗೂ ಇರುವ ವ್ಯತ್ಯಾಸವನ್ನು ಪ್ರತಿ ಸಿಸ್ಟರ್ ಬಾಯಲ್ಲಿ ಹೇಳಿಸಿ. ತಲೆಸುತ್ತಾದರೆ ಮೈ ತಣ್ಣಗೆ, ಮುಖ ಬಿಳುಪು, ನಾಡಿ ನಿಧಾನ, ಮಲಗಿಸಿ ಕಾಲು ಎತ್ತಿದರೆ ಸ್ವಲ್ಪ ಹೊತ್ತಿಗೆ ಸರಿ. ಅಲರ್ಜಿಯಾದರೆ ಮೈಮೇಲೆ ಗಂಧೆ, ಉಸಿರಾಟಕ್ಕೆ ಕಷ್ಟ, ನಾಡಿ ವೇಗ, ಮಲಗಿಸಿದರೂ ಸರಿಹೋಗೋದಿಲ್ಲ. ಆಗ ತಡಮಾಡದೆ ತೊಡೆಯ ಸ್ನಾಯುವಿಗೆ ಅಡ್ರಿನಲಿನ್ ಇಂಜೆಕ್ಷನ್. ಅಲರ್ಜಿ ಬಹಳ ಅಪರೂಪ, ಆದರೆ ಕಿಟ್ ಮೇಜಿನ ಮೇಲೇ ಇರಬೇಕು, ಬೀರುವಿನಲ್ಲಿ ಬೀಗ ಹಾಕಿ ಅಲ್ಲ.

ಹಂತ 5: ಒಪ್ಪಿಗೆ

2009ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಪಾಥ್ ಎಂಬ ಸಂಸ್ಥೆ, ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ರಾಜ್ಯ ಸರ್ಕಾರಗಳ ಜೊತೆ ಸೇರಿ ಸಾವಿರಾರು ಹುಡುಗಿಯರಿಗೆ ಎಚ್‌ಪಿವಿ ಲಸಿಕೆ ಹಾಕಿಸಿತು. ಏಳು ಹುಡುಗಿಯರು ತೀರಿಕೊಂಡರು. ಸಾವುಗಳಿಗೂ ಲಸಿಕೆಗೂ ಸಂಬಂಧವಿಲ್ಲ ಅಂತ ತನಿಖೆಯಲ್ಲಿ ಕಂಡುಬಂತು. ಕಾರಣಗಳಲ್ಲಿ ಹಾವು ಕಡಿತ, ನೀರಿನಲ್ಲಿ ಮುಳುಗಿದ್ದು, ವಿಷ ಸೇವನೆ ಇದ್ದವು. ಆದರೆ ಅದೇ ತನಿಖೆಯಲ್ಲಿ ಇನ್ನೊಂದು ವಿಷಯ ಹೊರಬಂತು. ಎಷ್ಟೋ ಒಪ್ಪಿಗೆ ಪತ್ರಗಳಿಗೆ ಅಪ್ಪ ಅಮ್ಮ ಅಲ್ಲ, ಹಾಸ್ಟೆಲ್ ವಾರ್ಡನ್, ಹೆಡ್ ಮಾಸ್ಟರ್ ಸಹಿ ಹಾಕಿದ್ದರು. 2010ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಎಲ್ಲವನ್ನೂ ನಿಲ್ಲಿಸಿತು. 2013ರಲ್ಲಿ ಸಂಸದೀಯ ಸಮಿತಿ ಕಟುವಾಗಿ ಬರೆಯಿತು. ಲಸಿಕೆಯಲ್ಲಿ ತಪ್ಪಿರಲಿಲ್ಲ, ಕೆಲಸ ಮಾಡಿದ ರೀತಿಯಲ್ಲಿ ಇತ್ತು. ಅನುಮಾನ ಮಾತ್ರ ಲಸಿಕೆಗೆ ಅಂಟಿಕೊಂಡಿತು, ಇವತ್ತಿಗೂ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ.

ಆ ಆದೇಶದಿಂದ ಬೇರೊಂದು ದೊಡ್ಡ ಅಧ್ಯಯನವೂ ನಿಂತುಹೋಯಿತು. ಅದರಲ್ಲಿ 2 ಅಥವಾ 3 ಡೋಸ್ ಪಡೆಯಬೇಕಿದ್ದ ಸಾವಿರಾರು ಹುಡುಗಿಯರಿಗೆ ಒಂದೇ ಡೋಸ್ ಆಗಿತ್ತು. ಸಂಶೋಧಕರು ಅವರನ್ನು ಹತ್ತು ವರ್ಷ ಗಮನಿಸಿದರು. 16 ಮತ್ತು 18ರ ವಿರುದ್ಧ ಒಂದು ಡೋಸ್ ಕೂಡ ಹೆಚ್ಚುಕಡಿಮೆ ಮೂರು ಡೋಸ್‌ನಷ್ಟೇ ರಕ್ಷಣೆ ಕೊಟ್ಟಿತ್ತು.

ನಿಮ್ಮ ಕೇಂದ್ರದಲ್ಲಿ ಹೀಗೆ ಮಾಡಿ: ಶಾಲೆಯಲ್ಲಿ ಶಿಬಿರ ಇದ್ದರೆ ಒಂದು ವಾರ ಮುಂಚೆ ತಾಯಂದಿರ ಸಭೆ ನಡೆಸಿ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಮನೆಗೇ ಹೋಗಲಿ. ಓದೋಕೆ ಬಾರದವರಿಗೆ ಆಶಾ ಓದಿ ಹೇಳಬೇಕು. ಹಾಸ್ಟೆಲ್ ಹುಡುಗಿಯರ ಅಪ್ಪ ಅಮ್ಮನನ್ನು ಸಂಪರ್ಕಿಸದೆ ಸೂಜಿ ಮುಟ್ಟಬೇಡಿ. ಹುಡುಗಿಯನ್ನೂ ಕೇಳಿ, ಅವಳು ಬೇಡ ಅಂದರೆ ಬಲವಂತ ಬೇಡ. ಬೇಡ ಅಂದವರನ್ನು ಶಾಲೆಯಲ್ಲಿ ಎದ್ದು ನಿಲ್ಲಿಸುವ ಮೇಷ್ಟ್ರಿಗೆ ನಯವಾಗಿ ಹೇಳಿ ನಿಲ್ಲಿಸಿ.

ಹಂತ 6: ತಪಾಸಣೆ, ಕೈಯಾರೆ

ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿ ಪ್ರಕಾರ 30ರಿಂದ 65 ವರ್ಷದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ವಿಐಎ. ಲಕ್ಷಣ ಇರಲಿ, ಇಲ್ಲದಿರಲಿ. ಸಂಪರ್ಕದ ನಂತರ ರಕ್ತ, ಮುಟ್ಟು ನಿಂತ ಮೇಲೆ ರಕ್ತ, ದುರ್ವಾಸನೆಯ ಸ್ರಾವ, ಇವು ಇದ್ದವರನ್ನು ವಿಐಎ ಸಾಲಿಗೆ ನಿಲ್ಲಿಸದೆ ನೇರ ವೈದ್ಯರ ಹತ್ತಿರ ಕಳಿಸಿ.

"ನಮ್ಮಂಥವರು ಮಾಡಿದರೆ ಆಗುತ್ತಾ?" ಅಂತ ಸಿಸ್ಟರ್‌ಗಳು ಕೇಳುತ್ತಾರೆ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಹೆಂಗಸರ ಮೇಲೆ ದೀರ್ಘ ಅಧ್ಯಯನ ಮಾಡಿದರು. ವಿಐಎ ಮಾಡಿದ್ದು ವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತೆಯರು. ಈ ಕ್ಯಾನ್ಸರ್‌ನ ಸಾವು ನೂರಕ್ಕೆ 31ರಷ್ಟು ಇಳಿಯಿತು. ಇದನ್ನು ಹೇಳಿದರೆ ಕೂತವರ ಬೆನ್ನು ನೆಟ್ಟಗಾಗುತ್ತದೆ.

ಸಾಮಾನು ಸರಳ: ಸ್ಪೆಕ್ಯುಲಮ್ (ಯೋನಿಯನ್ನು ಅಗಲಿಸಿ ಒಳಗೆ ನೋಡುವ ಸಾಧನ), ಒಳ್ಳೆ ಬೆಳಕಿನ ದೀಪ, ಹತ್ತಿ, ಕೈಗವಸು, 5% ಅಸಿಟಿಕ್ ಆಮ್ಲ. 95 ಎಂಎಲ್ ಡಿಸ್ಟಿಲ್ಡ್ ನೀರಿಗೆ 5 ಎಂಎಲ್ ಗ್ಲೇಷಿಯಲ್ ಅಸಿಟಿಕ್ ಆಮ್ಲ ಸೇರಿಸಿ. ನೀರಿಗೆ ಆಮ್ಲ, ಆಮ್ಲಕ್ಕೆ ನೀರಲ್ಲ. ದಿನಾ ಹೊಸದಾಗಿ ಮಾಡಬೇಕು. ಹತ್ತಿಯಲ್ಲಿ ಗರ್ಭಕಂಠಕ್ಕೆ ಹಚ್ಚಿ ಒಂದು ನಿಮಿಷ ಕಾಯಬೇಕು. ಅಂದಾಜಲ್ಲ, ಗಡಿಯಾರ ನೋಡಿ. ಅವಸರದಲ್ಲಿ 20 ಸೆಕೆಂಡಿಗೇ ನೋಡಿ ನೆಗೆಟಿವ್ ಬರೆಯೋದೇ ಇಲ್ಲಿ ದೊಡ್ಡ ತಪ್ಪು. ಒಳ ಮತ್ತು ಹೊರ ಪದರಗಳು ಸೇರುವ ಗೆರೆಗೆ ಅಂಟಿಕೊಂಡು, ಅಂಚು ಸ್ಪಷ್ಟವಾಗಿರುವ ದಟ್ಟ ಬಿಳಿ ಮಚ್ಚೆ ಕಂಡರೆ ಪಾಸಿಟಿವ್. ದೂರದ ತೆಳು ಬಿಳುಪು ಲೆಕ್ಕಕ್ಕಿಲ್ಲ. ಮುಟ್ಟಿದರೆ ರಕ್ತ ಬರುವ ಗಡ್ಡೆ ಕಂಡರೆ ಆಮ್ಲ ಹಚ್ಚುವ ಗೋಜಿಗೇ ಹೋಗದೆ ಅದೇ ದಿನ ರೆಫರ್ ಮಾಡಿ.

ಮುಟ್ಟಾಗಿದ್ದಾಗ, ಗರ್ಭಿಣಿಯರಿಗೆ, ಹೆರಿಗೆಯಾಗಿ 12 ವಾರದೊಳಗೆ ವಿಐಎ ಬೇಡ. ಮುಟ್ಟು ನಿಂತವರಲ್ಲಿ ಆ ಗೆರೆ ಒಳಗೆ ಸರಿದುಹೋಗಿರುತ್ತದೆ, ಕಾಣದಿದ್ದರೆ ನೆಗೆಟಿವ್ ಅಂತ ಬರೆಯದೆ ವೈದ್ಯರಿಗೆ ತೋರಿಸಿ. ಎಚ್‌ಪಿವಿ ಡಿಎನ್‌ಎ ಪರೀಕ್ಷೆ ಸಿಗುವ ಕಡೆ ಅದೇ ಉತ್ತಮ, ಹೆಂಗಸರು ತಾವೇ ಸ್ಯಾಂಪಲ್ ತೆಗೆದುಕೊಡಬಹುದು. ಬಳಸಿದ ಸ್ಪೆಕ್ಯುಲಮ್ 0.5% ಕ್ಲೋರಿನ್ ದ್ರಾವಣದಲ್ಲಿ 10 ನಿಮಿಷ, ಆಮೇಲೆ ತೊಳೆದು ಆಟೋಕ್ಲೇವ್ (ಹಬೆಯಲ್ಲಿ ಕ್ರಿಮಿಶುದ್ಧಿ) ಮಾಡಿ.

ಪರದೆ ಇರಲಿ, ಬಾಗಿಲಿಗೆ ಚಿಲಕ ಇರಲಿ. ಮಾಡುವ ಮೊದಲು ಸ್ಪೆಕ್ಯುಲಮ್ ಕೈಗೆ ಕೊಟ್ಟು ತೋರಿಸಿ. ಇಷ್ಟಕ್ಕೇ ಅರ್ಧ ಭಯ ಹೋಗುತ್ತದೆ.

ಹಂತ 7: ಮೊದಲ ಸಾಲು ಸಿಬ್ಬಂದಿಯದೇ

ಊಟದ ನಂತರ 30 ದಾಟಿದ ಸಿಬ್ಬಂದಿಗೆ ಅಲ್ಲೇ ತಪಾಸಣೆ ಇಡಿ. ಇಷ್ಟ ಇರುವವರಿಗೆ ಮಾತ್ರ. ಆದರೆ ಒಂದು ಎಚ್ಚರ: ಜೊತೆಯಲ್ಲಿ ಕೆಲಸ ಮಾಡುವ ಸಿಸ್ಟರ್ ಹತ್ತಿರ ಮಾಡಿಸಿಕೊಳ್ಳೋಕೆ ಬಹಳ ಜನ ಮುಜುಗರಪಡುತ್ತಾರೆ. ಪಕ್ಕದ ಪಿಎಚ್‌ಸಿಯಿಂದ ಅಥವಾ ತಾಲೂಕು ಆಸ್ಪತ್ರೆಯಿಂದ ಒಬ್ಬರನ್ನು ಕರೆಸಿ. ಫಲಿತಾಂಶ ಅವರವರಿಗೆ ಮಾತ್ರ ಗೊತ್ತಾಗಲಿ. ತಾನು ಮಾಡಿಸಿಕೊಂಡ ಆಶಾ ಮಾರನೇ ದಿನ ಊರಲ್ಲಿ ಮಾತಾಡುವ ಧಾಟಿಯೇ ಬೇರೆ. "ನಾನೂ ಮಾಡಿಸ್ಕೊಂಡೆ ಕಣಕ್ಕಾ, ನೋವಿಲ್ಲ, ಸ್ವಲ್ಪ ಇರಿಸುಮುರಿಸು ಅಷ್ಟೇ" ಅನ್ನೋ ಒಂದು ಮಾತಿನ ಮುಂದೆ ಯಾವ ಪೋಸ್ಟರೂ ನಿಲ್ಲೋದಿಲ್ಲ. ಮನೆಯಲ್ಲಿ ಲಸಿಕೆ ವಯಸ್ಸಿನ ಮಗಳಿದ್ದರೆ ಅದರ ಬಗ್ಗೆಯೂ ಇಲ್ಲೇ ಕೇಳಿ.

ಹಂತ 8: ಉತ್ತರ ಹೇಳುವ ಅಭ್ಯಾಸ

ಇಬ್ಬಿಬ್ಬರಾಗಿ ಕೂರಿಸಿ. ಒಬ್ಬರು ಆಶಾ, ಒಬ್ಬರು ತಾಯಿ ಅಥವಾ ಅತ್ತೆ. ತಾಯಿಯಾದವರು ಸುಮ್ನೆ ಒಪ್ಪಿಕೊಳ್ಳಬಾರದು, ಊರವರ ಹಾಗೆ ಕೇಳಬೇಕು.

"ಇನ್ನೂ ಮೈನೆರೆದಿಲ್ಲ ಮಗು, ಇವಳಿಗ್ಯಾಕಕ್ಕಾ ಈ ಇಂಜೆಕ್ಷನ್ನು?"
"ಅದಕ್ಕೇ ಈಗ ಕೊಡೋದು ಕಣಮ್ಮಾ. ವೈರಸ್ ಬರೋಕೆ ಮುಂಚೆ ಕೊಟ್ರೆ ಪೂರ್ತಿ ಕೆಲಸ ಮಾಡುತ್ತೆ. ಈ ವಯಸ್ಸಲ್ಲಿ ಮೈ ಚೆನ್ನಾಗಿ ಹಿಡ್ಕೊಳ್ಳುತ್ತೆ."
"ಮುಂದೆ ಮಕ್ಕಳಾಗಲ್ಲ ಅಂತಾರಲ್ಲ?"
"ಹಾಗೇನಿಲ್ಲಮ್ಮಾ. 2006ರಿಂದ ಎಷ್ಟೋ ದೇಶದಲ್ಲಿ ಕೋಟಿಗಟ್ಲೆ ಹುಡುಗೀರಿಗೆ ಹಾಕವ್ರೆ. ಅವರೆಲ್ಲ ಈಗ ತಾಯಂದಿರಾಗವ್ರೆ. ಇದು ಗರ್ಭಕೋಶಕ್ಕೆ ಏನೂ ಮಾಡಲ್ಲ."
"ನನ್ನ ಸೊಸೆಗೆ ಯಾವ ತೊಂದ್ರೆನೂ ಇಲ್ಲ, ಯಾಕೆ ತೋರಿಸ್ಬೇಕು?"
"ತೊಂದ್ರೆ ಕಾಣೋ ಹೊತ್ತಿಗೆ ಕಾಯಿಲೆ ದೊಡ್ದಾಗಿರುತ್ತೆ ಅತ್ತೆಮ್ಮ. ತೊಂದ್ರೆ ಇಲ್ದಿರುವಾಗ್ಲೇ ನೋಡ್ಬೇಕು. ನೀವೂ ಬನ್ನಿ, ಇಬ್ಬರಿಗೂ ಒಟ್ಟಿಗೆ ನೋಡಿಸೋಣ."

ಕೊನೆಯ ಉಪಾಯ ಬಹಳ ಕಡೆ ಕೆಲಸ ಮಾಡುತ್ತದೆ. ಅತ್ತೆ ಹೊರಟರೆ ಸೊಸೆಯನ್ನು ತಡೆಯುವವರಿಲ್ಲ. ಅತ್ತೆಗೆ 65 ದಾಟಿದ್ದರೆ ಈ ತಪಾಸಣೆಯ ವಯಸ್ಸು ಮುಗಿದಿರುತ್ತದೆ, ಬಿಪಿ, ಶುಗರ್ ನೋಡಿಸಿ.

ಗೊತ್ತಿಲ್ಲದ ಪ್ರಶ್ನೆ ಬಂದರೆ "ಡಾಕ್ಟರನ್ನ ಕೇಳಿ ನಾಳೆ ಹೇಳ್ತೀನಿ" ಅನ್ನೋದನ್ನೂ ಅಭ್ಯಾಸ ಮಾಡಿಸಿ. ಮಾರನೇ ದಿನ ಹೋಗಿ ಹೇಳಲೇಬೇಕು. ನೂರಕ್ಕೆ ನೂರು ಏನೂ ಆಗೋದಿಲ್ಲ ಅಂತ ಆಣೆ ಮಾಡೋದು ಬೇಡ. ಕೈನೋವು, ಸಣ್ಣ ಜ್ವರ ಬರಬಹುದು ಅಂತ ಮೊದಲೇ ಹೇಳಿದರೆ ಆಮೇಲೆ ಬೈಗುಳ ತಪ್ಪುತ್ತದೆ.

ಹಂತ 9: ಪಟ್ಟಿ ಮತ್ತು ಬೆನ್ನುಹತ್ತುವುದು

ತರಬೇತಿ ಮುಗಿಸುವ ಮುಂಚೆ ಪ್ರತಿ ಆಶಾ ತನ್ನ ವ್ಯಾಪ್ತಿಯ ಸಿಬಿಎಸಿ ನಮೂನೆಗಳಿಂದ (ಆಶಾ ಮನೆಮನೆಯಲ್ಲಿ ತುಂಬುವ ಆರೋಗ್ಯ ಪ್ರಶ್ನಾವಳಿ) 30 ದಾಟಿದ ಮೊದಲ ಹತ್ತು ಹೆಂಗಸರ ಹೆಸರು ಬರೆಯಲಿ. ನೂರು ಹೆಸರು ಬರೆಸಿದರೆ ಯಾರನ್ನೂ ಕರೆತರೋದಿಲ್ಲ.

ರಿಜಿಸ್ಟರ್‌ನಲ್ಲಿ ಐದು ಕಾಲಂ ಸಾಕು: ತಪಾಸಣೆ ದಿನ, ಫಲಿತಾಂಶ, ರೆಫರ್ ಮಾಡಿದ ಜಾಗ, ಅಲ್ಲಿಗೆ ಹೋದ ದಿನ, ಚಿಕಿತ್ಸೆ ಆದ ದಿನ. ಜನ ಕಳೆದುಹೋಗೋದು ಮೂರನೇ ಮತ್ತು ನಾಲ್ಕನೇ ಕಾಲಂ ನಡುವೆ. ಪಾಸಿಟಿವ್ ಅಂದಾಕ್ಷಣ ಕ್ಯಾನ್ಸರ್ ಅಂತ ಅಂದುಕೊಂಡು ಮನೆಯಲ್ಲೇ ಕೂತುಬಿಡುತ್ತಾರೆ. ಇಲ್ಲವೇ ಬಸ್ ಚಾರ್ಜಿಗೆ, ಒಂದು ದಿನದ ಕೂಲಿಗೆ ಯೋಚಿಸುತ್ತಾರೆ. ಆದ್ದರಿಂದ ರೆಫರ್ ಚೀಟಿ ಕೊಟ್ಟು ಕೈತೊಳೆದುಕೊಳ್ಳಬೇಡಿ. ನಾಲ್ಕೈದು ಜನರನ್ನು ಒಂದೇ ದಿನಕ್ಕೆ ಸೇರಿಸಿ, ಒಬ್ಬ ಆಶಾ ಜೊತೆಗೆ ಹೋಗಲಿ. ಕ್ಯಾನ್ಸರ್‌ಗೆ ಮುಂಚಿನ ಹಂತವಾಗಿದ್ದರೆ ಥರ್ಮಲ್ ಅಬ್ಲೇಷನ್ (ಕೆಟ್ಟ ಜೀವಕೋಶಗಳನ್ನು ಬಿಸಿಯಿಂದ ಸುಡೋದು) ಅಥವಾ ಕ್ರಯೋ (ಹೆಪ್ಪುಗಟ್ಟಿಸಿ ನಾಶಮಾಡೋದು) ಮಾಡುತ್ತಾರೆ, ಅರಿವಳಿಕೆ ಬೇಡ, ಅವತ್ತೇ ಮನೆಗೆ ಬರಬಹುದು. ಕ್ಯಾನ್ಸರ್ ಅಂತಲೇ ಖಚಿತವಾದರೆ ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವ ಮುಂಚೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್, ರೇಷನ್ ಕಾರ್ಡ್, ಆಧಾರ್ ಸರಿ ಇವೆಯಾ ಅಂತ ನೋಡಿಕೊಡಿ. ದಾರಿಯಲ್ಲಿ ಗೊಂದಲವಾದರೆ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡೋಕೆ ಹೇಳಿ.

ಮೂರು ತಿಂಗಳಾದ ಮೇಲೆ ಆಶಾ ಸಭೆಯಲ್ಲಿ ಅದೇ ಎಂಟು ಪ್ರಶ್ನೆಗಳನ್ನು ಮತ್ತೆ ಕೊಡಿ. ಈ ಸಲ ಒಂದೆರಡು ಮಾತುಗಳನ್ನು ತಿದ್ದಿ ಸರಿ ಮಾಡಿ, ಇಲ್ಲದಿದ್ದರೆ ಎಲ್ಲಕ್ಕೂ ತಪ್ಪು ಅಂತ ಗೀಚಿ ಕೊಡುತ್ತಾರೆ. ಜೊತೆಗೆ ರಿಜಿಸ್ಟರ್ ತೆರೆದು, ನಾಲ್ಕನೇ ಕಾಲಂ ಖಾಲಿ ಇರುವ ಹೆಸರುಗಳನ್ನು ಒಂದೊಂದಾಗಿ ಓದಿ. ಯಾರ ವ್ಯಾಪ್ತಿ, ಯಾಕೆ ಹೋಗಿಲ್ಲ, ಯಾವ ದಿನ ಕರೆದುಕೊಂಡು ಹೋಗೋದು ಅಂತ ಅಲ್ಲೇ ಬರೆದುಕೊಳ್ಳಿ.